ಭಾಷಣಕ್ಕೆ ಮೊದಲು

"ಅದು ನನ್ನ ದನಿ ಅಲ್ಲ ತಾಯಿ. ಕಂಪ್ಯೂಟರಲ್ಲಿ ಮಾಡಿರೋದು," ಎನ್ನುತ್ತಾ ಮಹಾಲಿಂಗಯ್ಯ ಕುಣಿಗಲ್ಲಿನ ಆ ಮೈಕ್‌ಸೆಟ್ ಅಂಗಡಿಯಲ್ಲಿ ಒಂದು ಸ್ಪೀಕರ್ ಡಬ್ಬದ ಮೇಲೆ ಕೂತರು. "ನನ್ನ ಗಂಡ ರೆಕಾರ್ಡ್ ಮಾಡಿದ್ದಲ್ಲ ಅಂತ ನೀನೊಂದು ಮಾತು ಹೇಳ್ಬುಟ್ರೆ ಮುಗೀತು. ನಮ್ಮ ಚನ್ನೇಶ ವಿಡಿಯೋ ಮಾಡ್ಕೊತಾನೆ."

ಉಝ್ಮಾ ಮೇಜಿನ ಹಿಂದೆ ನಿಂತಿದ್ದಳು. ಮಾವ ಸರ್ದಾರ್ ಪಾಷಾ ಯಾರ ಮುಖವನ್ನೂ ನೋಡದೆ ಕೇಬಲ್ ಸುತ್ತುತ್ತಿದ್ದರು. ಚುನಾವಣೆ ಹತ್ತಿರವಿತ್ತು, ಮಹಾಲಿಂಗಯ್ಯ ಮತ್ತೆ ನಿಂತಿದ್ದರು. ಕೊತ್ತಗೆರೆಯಿಂದ ಅಮೃತೂರಿನವರೆಗೆ ಅವರ ಸಭೆ ಎಲ್ಲೇ ಇರಲಿ, ಮೈಕ್ ಈ ಅಂಗಡಿಯದೇ.

ವಾರದಿಂದ ಎಲ್ಲರ ಮೊಬೈಲಿನಲ್ಲೂ ಅದೇ ಆಡಿಯೋ. "ಈ ಕೆರೆ ಏರಿ ರಸ್ತೆಗೆ ತಡೆಗೋಡೆ ಕಟ್ಟಿಸ್ತೀನಿ. ಕಟ್ಟಿಸದೆ ಇದ್ರೆ ಮುಂದಿನ ಸಲ ಓಟು ಕೇಳೋಕೆ ನಿಮ್ಮ ಮುಂದೆ ಬಂದು ನಿಲ್ಲಲ್ಲ." ಹೋದ ಚುನಾವಣೆಯಲ್ಲಿ ಮಹಾಲಿಂಗಯ್ಯ ಕೊತ್ತಗೆರೆ ಕಡೆಯ ಒಂದು ಊರಿನಲ್ಲಿ ಆಡಿದ ಮಾತು. ಗೋಡೆ ಏಳಲಿಲ್ಲ. ಉಝ್ಮಾಳ ಗಂಡ ಅಮೀನ್‌ನ ಗೂಡ್ಸ್ ಆಟೋ ಸ್ಪೀಕರುಗಳ ಸಮೇತ ಉರುಳಿದ್ದು ಅದೇ ಏರಿಯಿಂದ. ಮಹಾಲಿಂಗಯ್ಯ ಅದೇ ಊರಿಗೆ ಓಟು ಕೇಳಲು ಹೋದರೆಂದು ತಿಳಿದ ದಿನ, ಉಝ್ಮಾ ಸತ್ತ ಗಂಡನ ಫೋನಿನಿಂದ ಆ ಮಾತನ್ನು ಊರಿನ ಗ್ರೂಪಿಗೆ ಕಳಿಸಿದ್ದಳು.

"ನೀವು ತುಮಕೂರಲ್ಲಿ ಎಂಎ ಓದಿದೋರು ಮೇಡಂ, ನಿಮಗೆ ಹೇಳ್ಕೊಡ್ಬೇಕಾ?" ಎಂದ ಚನ್ನೇಶ್. ಸಾಹೇಬರ ಮೊಬೈಲ್ ಪ್ರಚಾರವೆಲ್ಲ ಅವನ ಕೈಲಿತ್ತು. "ನಿಜವಾದ ಸಭೆ ಆಗಿದ್ರೆ ಜನರ ಗಲಾಟೆ ಇರಲ್ವಾ? ನಮ್ಮ ಸಾಹೇಬ್ರ ಭಾಷಣದಲ್ಲಿ ಚಪ್ಪಾಳೆನೇ ಇಲ್ಲ ಅಂದ್ರೆ ಯಾರು ನಂಬ್ತಾರೆ?"

"ನಮ್ಮ ಹುಡುಗ ಮಿಕ್ಸರಿಂದ ನೇರ ಫೋನಿಗೆ ವೈರ್ ಕೊಡ್ತಿದ್ದ. ಸೌಂಡ್ ಹೆಂಗೆ ಬಂತು ಅಂತ ಆಮೇಲೆ ಕೇಳೋಕೆ," ಎಂದರು ಸರ್ದಾರ್ ಪಾಷಾ, ತಲೆ ಎತ್ತದೆ. "ಅದ್ರಲ್ಲಿ ಮೈಕಲ್ಲಿ ಆಡಿದ್ದಷ್ಟೇ ಬರ್ತದೆ. ಜನ ಮೈಕಲ್ಲಿ ಚಪ್ಪಾಳೆ ತಟ್ಟಲ್ವಲ್ಲ."

"ಸುಮ್ನಿರಿ ಸಾಬ್ರೇ. ಹೋಗ್ಲಿ, ಮೊದಲ ಭಾಗ ಎಲ್ಲಿ? ಮಧ್ಯದಿಂದ ಶುರುವಾಗ್ತದೆ. ಕತ್ತರಿಸಿದಾರೆ ಅಂತ ಎಂಥೋರಿಗೂ ಗೊತ್ತಾಗ್ತದೆ," ಎಂದ ಚನ್ನೇಶ್.

ಕತ್ತರಿಸಿದ್ದು ನಿಜ. ಉಝ್ಮಾಳೇ ಕತ್ತರಿಸಿದ್ದಳು. ಮೊದಲಲ್ಲಿ ಅಮೀನ್ ಇದ್ದ. ಅವನ ದನಿ ಉಳಿದಿರುವುದು ಬೇರೆಯವರ ಭಾಷಣಗಳಿಗೆ ಮೊದಲಿನ ಆ ಚೂರುಗಳಲ್ಲಷ್ಟೆ. ಅದನ್ನು ಊರಿನವರ ಫೋನುಗಳಿಗೆ ಹಂಚಲು ಅವಳಿಗೆ ಮನಸ್ಸಾಗಿರಲಿಲ್ಲ.

"ವಿಡಿಯೋ ಮಾಡ್ಕೊಳ್ಳಿ," ಎಂದಳು.

ಚನ್ನೇಶ್ ಫೋನ್ ಎತ್ತಿದ. ಉಝ್ಮಾ ಅಮೀನ್‌ನ ಫೋನನ್ನು ಅಂಗಡಿಯ ಸ್ಪೀಕರಿಗೆ ಸೇರಿಸಿದಳು. "ಬೇಟಿ," ಎಂದರು ಮಾವ.

"ಹಲೋ, ಹಲೋ. ಮೈಕ್ ಚೆಕ್." ಅಮೀನ್‌ನ ದನಿ. ಒಂದು ಕೆಮ್ಮು. "ಹಿಂದ್ಗಡೆ ಕೂತಿರೋರಿಗೆ ಕೇಳಿಸ್ತಿದೆಯಾ? ಕೇಳಿಸ್ದೆ ಇರೋರು ಕೈ ಎತ್ತಿ." ಗೋಡೆಗೆ ಒರಗಿದ್ದ ತಗಡುಗಳು ಆ ದನಿಗೆ ಅದುರಿದವು. ಆಮೇಲೆ ಮಹಾಲಿಂಗಯ್ಯನವರ ದನಿ: "ಏನಪ್ಪಾ ಅಮೀನು, ಹೋದ್ಸಲದಂಗೆ ಮೈಕು ಕುಯ್ಯೋ ಅನ್ನಿಸ್ಬೇಡ."

"ನೀವು ಮೈಕ್ ನುಂಗೋಕೆ ಹೋಗ್ಬೇಡಿ ಸಾರ್, ಅದು ತಾನಾಗೇ ಸುಮ್ಕಿರ್ತದೆ."

ಇಬ್ಬರೂ ನಕ್ಕರು. ಅದರ ಬೆನ್ನಿಗೇ ಭಾಷಣ. ಏರಿ, ತಡೆಗೋಡೆ, ಓಟು.

ಮಹಾಲಿಂಗಯ್ಯನವರು ಯಾವಾಗಲೋ ಎದ್ದು ನಿಂತಿದ್ದರು. ಆ ಹಳೆಯ ನಗು ಅವರ ತುಟಿಗೆ ಒಮ್ಮೆ ಬಂದು, ಎಲ್ಲಿದ್ದೇನೆಂದು ನೆನಪಾದಂತೆ ಹೋಯಿತು. ಸರ್ದಾರ್ ಪಾಷಾ ಸುತ್ತಿದ್ದ ಕೇಬಲ್ ಕೈಯಿಂದ ಬಿಚ್ಚಿಕೊಂಡು ನೆಲಕ್ಕೆ ಬಿದ್ದಿತ್ತು.

ಮೊದಲು ಸುಧಾರಿಸಿಕೊಂಡವನು ಚನ್ನೇಶ್. "ಇದನ್ನೂ ಮಾಡ್ಬಹುದು ಮೇಡಂ. ಈಗ ಎಐ ಬಂದಿದೆ. ಚೂರು ವಾಯ್ಸ್ ಸಿಕ್ಕಿದ್ರೆ ಸಾಕು, ಸತ್ತೋರ ಕೈಲೂ ಏನ್ ಬೇಕಾದ್ರೂ ಮಾತಾಡಿಸ್ತದೆ."

ಉಝ್ಮಾ ಸ್ಪೀಕರ್ ಆರಿಸಿದಳು. ವೈರು ಬಿಡಿಸಿ, ಫೋನನ್ನು ಅವನ ಮುಂದೆ ಹಿಡಿದಳು.

"ಇದರಲ್ಲಿ ಇರೋದೆಲ್ಲ ಕನ್ನಡ ಅಣ್ಣಾ," ಎಂದಳು. "ಮನೇಲಿ ಅವರು ಉರ್ದು ಮಾತಾಡ್ತಿದ್ರು. ಅದು ಯಾವ ರೆಕಾರ್ಡಲ್ಲೂ ಇಲ್ಲ. ಚಾ ಆರಿಹೋಯ್ತು ಅಂತ ಉರ್ದೂಲಿ ಒಂದ್ಸಲ, ಒಂದೇ ಒಂದ್ಸಲ, ಅವರ ಕೈಲಿ ನನ್ನ ಬೈಸಿಕೊಡಿ. ಆಮೇಲೆ ನೀವು ಹೇಳ್ದಂಗೆ ಹೇಳ್ತೀನಿ."