ಕಿರಿಯರಿಗೇ ಸೀಟು

“ವಯಸ್ಸಾದೋರಿಗೆ ಸೀಟು ಬಿಟ್ಕೊಡೋದು ಬಸ್ಸಲ್ಲಿ ಸಾರ್, ಕಾಲೇಜಲ್ಲಲ್ಲ!” ಎಂದು ಶಶಿಕಿರಣ್ ಮೇಜು ಕುಟ್ಟಿದ. ಕಾಫಿ ಲೋಟಗಳು ಅಲ್ಲಾಡಿದವು. ಅಧ್ಯಕ್ಷ ಶೀನಣ್ಣನವರಿಗೆ ಎಚ್ಚರವಾಯಿತು.

ಬಸವನಗುಡಿಯ ಆ ಪಿಯು ಕಾಲೇಜಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಉಳಿದಿದ್ದುದು ಒಂದೇ ಸೀಟು. ಅದಕ್ಕೆ ಇಬ್ಬರು. ಒಬ್ಬ, ಕಾಲೇಜು ನಡೆಸುವ ಟ್ರಸ್ಟಿನ ಖಜಾಂಚಿಯೂ ಆಡಿಟರೂ ಆದ ಶಶಿಕಿರಣನ ಮಗ ಸಮರ್ಥ. ಇನ್ನೊಬ್ಬಳು ಬಿನ್ನಿಪೇಟೆಯ ಮೋನಿಷಾ. ಅವಳ ತಂದೆ ಅಂಜನಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಹತ್ತನೆಯ ತರಗತಿಯ ಅಂಕವನ್ನೂ ಕಾಲೇಜೇ ನಡೆಸಿದ ಪ್ರವೇಶ ಪರೀಕ್ಷೆಯ ಅಂಕವನ್ನೂ ಕೂಡಿಸಿ ನೋಡಿದರೆ ಇಬ್ಬರಿಗೂ ತೊಂಬತ್ತೊಂದು ಪಾಯಿಂಟ್ ಆರು.

ಈ ಕೂಡಿಸುವ ಕೆಲಸ ಅಷ್ಟು ಸುಲಭದ್ದೇನಲ್ಲ. ಮೊದಲು ಎರಡು ಪರೀಕ್ಷೆಗೂ ಸಮಪಾಲು ಇತ್ತು. ಶೀನಣ್ಣನವರ ಮೊಮ್ಮಗ ಪ್ರವೇಶ ಪರೀಕ್ಷೆಯಲ್ಲಿ ಮುಗ್ಗರಿಸಿದ ವರ್ಷ ಹತ್ತನೆಯ ಅಂಕಕ್ಕೆ ಎಪ್ಪತ್ತು ಪಾಲು ಬಂತು. ಕಾರ್ಯದರ್ಶಿಗಳ ಮಗಳು ಹತ್ತನೆಯದರಲ್ಲೇ ಎಡವಿದ ವರ್ಷ ಅದು ಮೂವತ್ತಕ್ಕೆ ಇಳಿಯಿತು. ಎರಡು ಸಲವೂ ಶಿಕ್ಷಣದ ಗುಣಮಟ್ಟ ಹೆಚ್ಚಿಸಲು ಈ ಕ್ರಮ ಎಂದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಈ ವರ್ಷ ಸಮರ್ಥನಿಗೆ ಹತ್ತನೆಯದರಲ್ಲಿ ತೊಂಬತ್ತಾರು ಬಂದದ್ದೇ ತಡ, ಶಶಿಕಿರಣ್ ಹತ್ತನೆಯದಕ್ಕೆ ಅರವತ್ತು ಪಾಲು ಮಾಡಿಸಿದ. ಎಪ್ಪತ್ತು ಕೇಳಿದರೆ ಜನ ನಕ್ಕಾರು ಎಂದು ಅಳುಕಿದ್ದ. ಆ ಒಂದು ಅಳುಕಿನಿಂದ ಈಗ ಈ ಪೇಚು.

“ಸಮ ಬಂದ್ರೆ ವಯಸ್ಸಲ್ಲಿ ದೊಡ್ಡೋರಿಗೆ ಸೀಟು. ಮೊದಲಿಂದ್ಲೂ ಇರೋ ರೂಲ್ ಅದು” ಎಂದು ಪ್ರಾಂಶುಪಾಲೆ ಮಹಾನಂದ ಹೇಳಿದ್ದೇ ಅವನು ಮೇಜು ಕುಟ್ಟಲು ಕಾರಣ. ಇಬ್ಬರ ಫೈಲುಗಳನ್ನು ಅವರಿನ್ನೂ ತೆರೆದೇ ಇರಲಿಲ್ಲ.

“ನನ್ ಮಗ ನಾಲ್ಕೂವರೆಗೇ ಒಂದನೇ ಕ್ಲಾಸಿಗೆ ಹೋದೋನು ಮೇಡಂ. ಇಡೀ ಕ್ಲಾಸಿಗೇ ಚಿಕ್ಕೋನು. ಹೋದ ನವೆಂಬರಲ್ಲಿ ಹದಿನಾಲ್ಕನೇ ಬರ್ತ್‌ಡೇ ಮಾಡಿದ್ವಿ” ಎಂದ ಶಶಿಕಿರಣ್. ಅಂಜನಪ್ಪನತ್ತ ತಿರುಗಿ, “ನಿಮ್ ಮಗಳಿಗೆಷ್ಟು?” ಎಂದು ಕೇಳಿದ.

“ಹದಿನೈದು ತುಂಬಿ ನಾಲ್ಕು ತಿಂಗಳಾಯ್ತು ಸಾರ್.”

“ನೋಡಿ! ಚಿಕ್ಕ ವಯಸ್ಸಲ್ಲಿ ಅಷ್ಟೇ ಅಂಕ ತೆಗ್ದೋರು ತಾನೆ ಜಾಸ್ತಿ ಬುದ್ಧಿವಂತರು? ರೂಲ್ ಬದಲಾಯ್ಸಿ. ಕಿರಿಯರಿಗೇ ಸೀಟು.”

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಆರಾಧನಾ ಅವನ ತೋಳು ಮುಟ್ಟಿದಳು. “ರೀ, ಹಳೇ ರೂಲೇ ಇರ್ಲಿ ಬಿಡಿ.”

“ನೀನು ಸುಮ್ನಿರು. ನಿಂಗೇನ್ ಗೊತ್ತು ಇದೆಲ್ಲಾ?”

ಆ ಮನೆಯಲ್ಲಿ ಕೆಲಸದ ಹಂಚಿಕೆ ಸ್ಪಷ್ಟವಾಗಿತ್ತು. ಮಗನನ್ನು ಶಾಲೆಗೆ ಸೇರಿಸುವುದು, ಫಾರಂ ತುಂಬುವುದು, ಪೋಷಕರ ಸಭೆಯಲ್ಲಿ ಬೈಸಿಕೊಳ್ಳುವುದು ಆರಾಧನಾಳ ಪಾಲು. ಹೆಮ್ಮೆಪಡುವುದು ಶಶಿಕಿರಣನ ಪಾಲು. ಊರವರ ಕಾಗದಪತ್ರಗಳನ್ನೆಲ್ಲ ಜಾಲಾಡುವ ಆಡಿಟರಿಗೆ ಮಗನದನ್ನು ನೋಡಲು ಪುರುಸೊತ್ತಿರಲಿಲ್ಲ. ಈಗ ಅವಳ ಮುಖ ಬಿಳಿಚಿಕೊಂಡಿತ್ತು. ಇಷ್ಟು ಜನರೆದುರು ಗಂಡ ಮಗನಿಗಾಗಿ ನಿಯಮವನ್ನೇ ತಿರುಚಲು ಹೊರಟರೆ ಯಾವ ಹೆಂಡತಿಗೆ ತಾನೆ ಮುಜುಗರವಾಗದು?

“ಇನ್ನೊಂದು ಮಾತು,” ಶಶಿಕಿರಣ್ ದನಿಯೇರಿಸಿದ. “ವಯಸ್ಸು ಅಂದ್ರೆ ಮಾರ್ಕ್ಸ್ ಕಾರ್ಡಲ್ಲಿ ಇರೋದು. ಬಾಯ್ಮಾತು ನಡೆಯಲ್ಲ. ಬೇಕಾದ ಹಾಗೆ ವಯಸ್ಸು ಬರೆಸೋ ಜನ ಇರ್ತಾರೆ.” ಹೇಳುವಾಗ ಅವನ ಕಣ್ಣು ಬಿನ್ನಿಪೇಟೆಯವರ ಮೇಲೇ ಇತ್ತು.

ಅಂಜನಪ್ಪನಿಗೆ ಮೈಯೆಲ್ಲ ಉರಿಯಿತು. ಹೊರಗೆ ಬೆಂಚಿನ ಮೇಲೆ ಮಗಳು ಕಾಯುತ್ತಿದ್ದಳು. ಈ ಸೀಟಿಗಾಗಿ ಅವಳು ಒಂದು ವರ್ಷ ಮದುವೆ ಮುಂಜಿ ಯಾವುದಕ್ಕೂ ಹೋಗದೆ ಓದಿದ್ದಳು. ಸಿಟ್ಟು ಮಾಡಿದರೆ ಅದೂ ಕೈತಪ್ಪೀತು ಎಂದು ಅವನು ಹಲ್ಲು ಕಚ್ಚಿ ಕುಳಿತ. “ನಮ್ದು ಆಸ್ಪತ್ರೇಲಿ ಬರೆದಿದ್ದೇ ಎಲ್ಲಾ ಕಡೆ ಇರೋದು ಸಾರ್” ಎಂದಷ್ಟೇ ಹೇಳಿದ.

“ರೀ, ಒಂದ್ನಿಮಿಷ ಆಚೆ ಬನ್ನಿ.”

“ತೀರ್ಮಾನ ಆಗ್ಲಿ, ಬರ್ತೀನಿ.”

ಆರಾಧನಾ ತಡೆಯಲಾರದೆ ಎದ್ದು ನಿಂತಳು. “ಮೇಡಂ, ಒಬ್ಬರಿಗೋಸ್ಕರ ರೂಲ್ ಬದಲಾಯ್ಸೋದು ತಪ್ಪು. ಮೊದಲಿಂದ ಏನಿದ್ಯೋ ಅದೇ ನಡೀಲಿ. ದಯವಿಟ್ಟು.” ಅವಳ ಕಣ್ಣಲ್ಲಿ ನೀರೇ ಬಂದಿತ್ತು.

ಅಂಜನಪ್ಪ ಎದ್ದು ನಿಂತು, “ದೊಡ್ಡ ಮನಸ್ಸಮ್ಮ ನಿಮ್ದು” ಎಂದು ಕೈಮುಗಿದ. ಆರಾಧನಾ ಅವನ ಕಡೆ ನೋಡದೆ ಕುಳಿತುಕೊಂಡಳು.

ಶೀನಣ್ಣನವರಿಗೆ ಊಟದ ಹೊತ್ತಾಗಿತ್ತು. ತಮ್ಮ ಮೊಮ್ಮಗನ ವರ್ಷ ಶಶಿಕಿರಣ್ ಒಂದು ಮಾತೂ ಆಡದೆ ಸಹಿ ಹಾಕಿದ್ದ ಉಪಕಾರವೂ ನೆನಪಾಯಿತು. “ಆಯ್ತಪ್ಪ, ಕಿರಿಯರಿಗೇ ಸೀಟು. ಬರ್ಕೊಳ್ಳಿ ಮೇಡಂ” ಎಂದರು.

“ಇದನ್ನ ಮತ್ತೆ ಬದಲಾಯ್ಸೋ ಹಾಗಿಲ್ಲ ಅಂತಾನೂ ಬರೀರಿ. ನಾಳೆ ಯಾರಾದ್ರೂ ತಕರಾರು ತೆಗೀಬಾರ್ದು” ಎಂದು ಶಶಿಕಿರಣ್ ಎಲ್ಲರಿಗಿಂತ ಮೊದಲು ಸಹಿ ಹಾಕಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಹೆಂಡತಿಯತ್ತ ಗೆದ್ದವನ ನಗೆ ನಕ್ಕ.

ಮಹಾನಂದ ಎರಡೂ ಫೈಲು ತೆರೆದರು. ಒಂದು ಮಾರ್ಕ್ಸ್ ಕಾರ್ಡ್ ನೋಡಿದರು, ಇನ್ನೊಂದನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ಅಂಜನಪ್ಪನವರೇ, ಮಗಳನ್ನ ಒಳಗೆ ಕರೀರಿ. ಸೀಟು ಮೋನಿಷಾಗೆ.”

ಶಶಿಕಿರಣ್ ಕುರ್ಚಿಯ ತುದಿಗೆ ಬಂದ. ಅವನು ಪ್ರಾಂಶುಪಾಲರನ್ನು ನೋಡಿದ, ಫೈಲನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ.

“ನಾಲ್ಕೂವರೆಗೆ ಯಾವ ಸ್ಕೂಲಲ್ಲಿ ಒಂದನೇ ಕ್ಲಾಸಿಗೆ ಸೇರಿಸ್ಕೋತಾರ್ರೀ?” ಆರಾಧನಾ ಅವನ ಕಿವಿಯಲ್ಲಿ ಪಿಸುಗುಟ್ಟಿದಳು. “ಅವತ್ತು ವಯಸ್ಸು ಒಂದೂವರೆ ವರ್ಷ ಜಾಸ್ತಿ ಬರೆಸಿ ಸೇರಿಸಿದ್ದೆ, ಹಳೇ ರೂಲಲ್ಲಿ ಸೀಟು ನಮ್ದೇ ಇತ್ತು!”