ಮೌನಗೌರಿ

ಎಂಜಿನಿಯರಮ್ಮ ಗಾಜಿನ ಎಳೆಯ ತುದಿಯನ್ನು ನಾರು ಬಿಡದ ಬಟ್ಟೆಯಿಂದ ಏಳನೆಯ ಸಲ ಒರೆಸುತ್ತಿದ್ದಳು. ಕೂದಲೆಳೆಯಷ್ಟು ಸಣ್ಣ ಆ ಬಾಯಿಗೆ ಒಂದು ಕಣ ಧೂಳು ಕೂತರೂ ಬೆಳಕು ಅಲ್ಲೇ ಮುಗ್ಗರಿಸುತ್ತದೆ. ಹನ್ನೆರಡಕ್ಕೆ ದೊಡ್ಡ ಸಾಹೇಬರು ಬರುವವರಿದ್ದರು. ಅಷ್ಟರೊಳಗೆ ಅವಳ ಪೆಟ್ಟಿಗೆ ಕೆಲಸ ಮಾಡಿದರೆ ಉಳಿಯುತ್ತದೆ. ಇಲ್ಲವಾದರೆ ಗೋದಾಮಿಗೆ ಹೋಗುತ್ತದೆ, ಅದರ ಜೊತೆಗೆ ಅವಳ ಆರು ವರ್ಷವೂ.

ಪೆಟ್ಟಿಗೆ ಚಪ್ಪಲಿ ಡಬ್ಬಿಯಷ್ಟೇ ದೊಡ್ಡದು, ಒಳಗೆ ಸಾಸಿವೆಗಿಂತ ಸಣ್ಣ ಕನ್ನಡಿಗಳು. ಇಷ್ಟು ದಿನ ಜನರ ಮಾತು, ಸಂದೇಶ ಹೊತ್ತು ಈ ಟೆಲಿಫೋನ್ ಕೇಂದ್ರಕ್ಕೆ ಬಂದ ಬೆಳಕನ್ನೆಲ್ಲ ಪಕ್ಕದ ಬೀರುವಿನಷ್ಟೆತ್ತರದ ಹಳೆಯ ಯಂತ್ರ ವಿದ್ಯುತ್ತು ಮಾಡಿಕೊಂಡು, ಎಲ್ಲಿಗೆ, ಯಾರಿಗೆ ಎಂದು ಓದಿ, ಮತ್ತೆ ಬೆಳಕು ಮಾಡಿ ಮುಂದಕ್ಕೆ ಕಳಿಸುತ್ತಿತ್ತು. ಓದುವಾಗಲೆಲ್ಲ ಅದರ ಹಸಿರು ದೀಪಗಳು ಪಟಪಟ ಮಿನುಗುತ್ತಿದ್ದವು. ಹೊಸ ಪೆಟ್ಟಿಗೆ ಏನನ್ನೂ ಓದುವುದಿಲ್ಲ. ಕನ್ನಡಿ ತಿರುಗಿಸಿ, ಬೆಳಕನ್ನು ಬೆಳಕಾಗಿಯೇ ದಾರಿಗೆ ಹಚ್ಚುತ್ತದೆ. ಅದಕ್ಕೆ ದೀಪವಿಲ್ಲ, ಸದ್ದಿಲ್ಲ. ಮೂವತ್ತು ವರ್ಷ ಹಸಿರು ದೀಪಗಳನ್ನೇ ನಂಬಿಕೊಂಡು ಬಂದ ಮೆಕ್ಯಾನಿಕ್ ದೀಪಣ್ಣ ಅದಕ್ಕೆ ಮೌನಗೌರಿ ಎಂದು ಹೆಸರಿಟ್ಟಿದ್ದ.

ಹೋದ ತಿಂಗಳ ಪರೀಕ್ಷೆ ಕೆಟ್ಟದ್ದೂ ಅವನಿಂದಲೇ. ಎಳೆಯನ್ನು ಹೊಸ ಪೆಟ್ಟಿಗೆಗೆ ಬದಲಾಯಿಸಿದೊಡನೆ ಹಳೆಯದರ ದೀಪಗಳು ಆರಿದವು. ಲೈನ್ ಸತ್ತಿತೆಂದು ಅವನ ಕೈ ತಾನಾಗಿ ಓಡಿ, ಎಳೆ ಕಿತ್ತು ಹಳೆಯದಕ್ಕೇ ಚುಚ್ಚಿಬಿಟ್ಟಿತ್ತು. ವರದಿಯಲ್ಲಿ ‘ವಿಫಲ’ ಎಂದು ಬಿತ್ತು.

ಹನ್ನೊಂದೂವರೆಗೆ ಅವಳು ಎಳೆ ಚುಚ್ಚಿದಳು. ಟಕ್. ಹಳೆಯ ಯಂತ್ರದ ದೀಪಗಳು ಒಟ್ಟಿಗೇ ಆರಿದವು. ದೀಪಣ್ಣನ ಕೈ ಮುಂದೆ ಬಂತು. ಅವಳು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಬಿಡಮ್ಮ ಕೈನ. ಲೈನ್ ಸತ್ತಿದೆ.”

“ಸತ್ತಿದ್ಯೋ ಬದುಕಿದ್ಯೋ ಆಚೆ ಕಡೆಯವ್ರು ಹೇಳ್ಬೇಕಣ್ಣ. ನಾವಲ್ಲ.”

“ಅವರ್ಯಾಕೆ, ನಿನ್ನ ಮೌನಗೌರೀನೇ ಕೇಳು. ಬಾಯಿ ಬಿಡ್ತಾಳಾ ನೋಡೋಣ.”

ಒಂದು ಕೈಯಲ್ಲಿ ಅವನನ್ನು ಹಿಡಿದುಕೊಂಡೇ ಇನ್ನೊಂದರಲ್ಲಿ ಮೊಬೈಲ್ ಒತ್ತಿದಳು. ಆಚೆ ಕೇಂದ್ರ ಎಂಗೇಜ್. ಮತ್ತೆ ಒತ್ತಿದಳು, ಮತ್ತೆ ಎಂಗೇಜ್. ಇದೇ ಕೋಣೆಯಲ್ಲಿ ಅವಳ ದೊಡ್ಡಮ್ಮ ಟೆಲಿಫೋನ್ ಆಪರೇಟರ್ ಆಗಿ ಕೂತು, ಕರೆ ಜೋಡಿಸುವ ತೂತುಬೋರ್ಡಿನ ಮುಂದೆ ದುಡಿದು ಅವಳನ್ನು ಓದಿಸಿದ್ದರು. ಈ ಕೆಲಸ ಸಿಕ್ಕ ದಿನ ಹಿಗ್ಗು ತಲೆಗೇರಿ, ನೀವು ಮಾಡಿದ್ದೇನು, ತೂತಿಗೆ ತಂತಿ ಚುಚ್ಚಿದ್ದು ತಾನೇ ಎಂದುಬಿಟ್ಟಿದ್ದಳು. ದೊಡ್ಡಮ್ಮ ಒಣಗಿದ ಬಟ್ಟೆ ಮಡಿಸುತ್ತ ಕೂತರು. ಆಮೇಲೆ ಇಬ್ಬರ ನಡುವೆ ಮಾತೇ ನಿಂತಿತು. ಕ್ಷಮೆ ಕೇಳುವ ಪತ್ರ ಆರು ವರ್ಷದಿಂದ ಅವಳ ಕಂಪ್ಯೂಟರಿನಲ್ಲಿದೆ, ‘ದೊಡ್ಡಮ್ಮ, ನಿಮ್ಮ ಕೆಲಸ’ ಎಂಬಲ್ಲಿಗೆ ನಿಂತು.

ಮೊಬೈಲೇ ಬಡಿದುಕೊಂಡಿತು. ಆಚೆ ಕೇಂದ್ರದವಳು. “ಏನ್ ಮೇಡಂ, ಆಗ್ಲಿಂದ ನಿಮ್ಗೇ ಮಾಡ್ತಿದ್ದೀನಿ, ಬರೀ ಎಂಗೇಜ್. ಎಲ್ಲಾ ಬರ್ತಿದೆ. ಒಂದು ಚುಕ್ಕೇನೂ ಬಿಟ್ಟುಹೋಗಿಲ್ಲ. ದಮ್ಮಯ್ಯ, ಈ ಸಲ ಕೀಳ್ಬೇಡಿ.”

ಅವಳು ಮಣಿಕಟ್ಟು ಬಿಟ್ಟಳು. ಅಲ್ಲಿ ಐದು ಬೆರಳೂ ಮೂಡಿದ್ದವು. ದೀಪಣ್ಣ ಅದನ್ನು ಉಜ್ಜಿಕೊಳ್ಳುತ್ತ ಸ್ಟೂಲಿನ ಮೇಲೆ ಕುಸಿದು, ಆರಿದ ದೀಪಗಳನ್ನು ಮಿಕಿಮಿಕಿ ನೋಡಿದ.

“ಹಾಗಾದ್ರೆ ಇಷ್ಟ್ಹೊತ್ತೂ ಹೋಗ್ತಾನೇ ಇತ್ತಾ? ನಮ್ಗೊಂದು ಮಾತು ಹೇಳ್ದೆ?”

“ನಮ್ಗ್ಯಾಕೆ ಹೇಳ್ಬೇಕಣ್ಣ?” ಅವಳು ಕಣ್ಣೊರೆಸಿಕೊಂಡು ನಕ್ಕಳು. “ಜೋಡಿಸಿದ ಮೇಲೆ ಲೈನಿಂದ ಕಿವಿ ತೆಗೀಬೇಕು.”

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಅದು ಅವಳ ಮಾತಲ್ಲ. ಕೆಲಸದಿಂದ ಬಂದು ಕಾಲು ಚಾಚಿಕೊಂಡು ಕೂತಾಗಲೆಲ್ಲ ದೊಡ್ಡಮ್ಮ ಹೇಳುತ್ತಿದ್ದದ್ದು: ಜೋಡಿಸಿದ ಮೇಲೆ ಲೈನಿಂದ ಕಿವಿ ತೆಗೀಬೇಕು, ಅದೇ ಕಷ್ಟದ ಕೆಲಸ.

ಸಾಹೇಬರ ಕಾರು ಕೆಳಗೆ ಬಂದು ನಿಂತ ಸದ್ದಾಯಿತು. ಅವಳು ಇಳಿದು ಹೋಗಲಿಲ್ಲ. ಕಂಪ್ಯೂಟರಿನ ಮುಂದೆ ಕೂತು, ನಿಂತಿದ್ದ ವಾಕ್ಯವನ್ನು ಮುಂದುವರಿಸಿದಳು: ‘ದೊಡ್ಡಮ್ಮ, ನಿಮ್ಮ ಕೆಲಸವನ್ನೇ ನಾನೂ ಮಾಡಿದ್ದು. ನನಗೆ ಆರು ವರ್ಷ ಹಿಡಿಯಿತು.’ ದೊಡ್ಡಮ್ಮನ ಊರಿನ ದಾರಿಯೂ ಈಗ ಇದೇ ಎಳೆಯಲ್ಲಿತ್ತು. ಕಳಿಸುವ ಗುಂಡಿ ಒತ್ತಿದಳು.

ಅಭ್ಯಾಸಬಲದಿಂದ ಇಬ್ಬರೂ ತಿರುಗಿ ದೀಪಗಳ ಕಡೆ ನೋಡಿದರು. ಒಂದೂ ಮಿನುಗಲಿಲ್ಲ.