ಗಾಜಿನ ಪಕ್ಕದ ಇಲಿಗಳು

ಪಿಎಚ್‌ಡಿಗೆ ಸೇರಿದಂದಿನಿಂದ ಗೈಡ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮಾತಾಡಿಸಿದ್ದು ಅದೇ ಮೊದಲು. ಅವಳು ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು ಕುರ್ಚಿಯ ತುದಿಯಲ್ಲೇ ಕೂತಳು.

"ಜಿಂಕ್ ತಿಂದ ಇಲಿಗಳ ರಕ್ತದಲ್ಲಿ ಭಯದ ಹಾರ್ಮೋನು ಅರ್ಧಕ್ಕರ್ಧ ಕಮ್ಮಿ ಇದೆ ಕಣಮ್ಮಾ! ಬರೀ ಆಹಾರ ತಿಂದವುಗಳಲ್ಲಿ ವಿಪರೀತ ಜಾಸ್ತಿ. ಇಷ್ಟು ಒಳ್ಳೇ ಫಲಿತಾಂಶ ಬಂದಿದೆ, ಅಳುಮುಖ ಯಾಕೆ?"

ಅವರ ಕೋಣೆಗೂ ಇಲಿಗಳ ಕೋಣೆಗೂ ನಡುವೆ ಇದ್ದದ್ದು ಒಂದು ಗಾಜಿನ ಗೋಡೆ. ಬರೀ ಆಹಾರದ ಇಲಿಗಳ ಪಂಜರಗಳನ್ನು ಆ ಗಾಜಿಗೆ ಒತ್ತಿದಂತೆ ಜೋಡಿಸಿದ್ದರು. ಜಿಂಕ್ ಇಲಿಗಳು ಆಚೆ ಕೊನೆಯಲ್ಲಿದ್ದವು.

ಅವಳು ಬ್ಯಾಗಿನಿಂದ ಜಿಂಕ್ ಪುಡಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಅದರ ಸೀಲು ಒಡೆದಿರಲಿಲ್ಲ.

"ಸರ್, ಜಿಂಕ್ ಬೆರೆಸೇ ಇಲ್ಲ. ತಬಸ್ಸುಮ್ ಬೆರೆಸಿರ್ತಾಳೆ ಅಂತ ನಾನು ಸುಮ್ಮನಿದ್ದೆ, ನಾನು ಬೆರೆಸಿರ್ತೀನಿ ಅಂತ ಅವಳು ಸುಮ್ಮನಿದ್ಲು. ಎಲ್ಲಾ ಇಲಿಗಳೂ ತಿಂದಿದ್ದು ಒಂದೇ ಆಹಾರ."

ಗೈಡ್ ಮುಖ ಕೆಂಪಾಯಿತು.

"ಪೊಟ್ಟಣ ಸಿಕ್ಕಿದ ತಕ್ಷಣ ಬಂದು ಹೇಳೋಕೇನಾಗಿತ್ತು ನಿಂಗೆ?"

"ಹೆದರಿಕೆ ಆಯ್ತು ಸರ್."

"ಹೆದರಿಕೆನಾ? ನಾನೇನು ಹುಲಿನಾ, ಕರಡಿನಾ? ಒಂದೇ ಆಹಾರ ತಿಂದಿದ್ರೆ ಇಷ್ಟು ವ್ಯತ್ಯಾಸ ಎಲ್ಲಿಂದ ಬಂತು, ಹೇಳು!" ಅವರು ಮೇಜು ಗುದ್ದಿ ಅರಚಿದರು.

ಗಾಜಿನ ಪಕ್ಕದ ಪಂಜರಗಳಲ್ಲಿ ಇಲಿಗಳೆಲ್ಲ ಒಮ್ಮೆಲೇ ಮೂಲೆಗೆ ಓಡಿ ಒಂದರ ಮೇಲೊಂದು ಬಿದ್ದವು. ಆಚೆ ಕೊನೆಯವು ತಮ್ಮ ಪಾಡಿಗೆ ತಿನ್ನುತ್ತಲೇ ಇದ್ದವು.